ಪುಟ್ಟಿಯ ಮಾತಿನ ಬಗ್ಗೆ ಅಮ್ಮನಿಗೆ

ಲೆಸ್ಟರ್, ಇಂಗ್ಲೆಂಡ್

ಪ್ರೀತಿಯ ಅಮ್ಮ,

ನಾವೆಲ್ಲ ಚೆನ್ನಾಗಿದ್ದೇವೆ. "ಇವಳ ವಯಸ್ಸಿಗೆ ಅಣ್ಣನ ಮಗ ಪಟಪಟ ಮಾತಾಡ್ತಿದ್ದ" ಅಂತ ನೀನು ಅಂದಾಗ ನಿನ್ನ ಆತಂಕ ಗೊತ್ತಾಯಿತು. ಪುಟ್ಟಿಯ ಎದುರಿಗೆ ಇದನ್ನೆಲ್ಲ ಫೋನಿನಲ್ಲಿ ಮಾತಾಡಲು ಮನಸ್ಸಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಪುಟ್ಟಿ ಹುಟ್ಟಿದ್ದು 29ನೇ ವಾರಕ್ಕೆ. ದಿನ ತುಂಬಲು ಇನ್ನೂ 11 ವಾರ ಇತ್ತು. ಇಂಥ ಮಕ್ಕಳ ಬೆಳವಣಿಗೆ ನೋಡುವಾಗ, 2 ವರ್ಷದವರೆಗೆ, ವಯಸ್ಸನ್ನು ಎಣಿಸುವುದು ಡಾಕ್ಟರು ಕೊಟ್ಟಿದ್ದ ಹೆರಿಗೆ ದಿನದಿಂದ. ಮಿದುಳು ಭರದಿಂದ ಬೆಳೆಯುವುದು, ಅದರ ಮಡಿಕೆಗಳು ಮೂಡುವುದು ಹೊಟ್ಟೆಯೊಳಗಿನ ಕೊನೆಯ ಮೂರು ತಿಂಗಳಲ್ಲಿ. ನಮ್ಮ ಪುಟ್ಟಿಗೆ ಅದೆಲ್ಲ ಆದದ್ದು ಇನ್‌ಕ್ಯುಬೇಟರಿನಲ್ಲಿ, ಬೆಳಕು, ಸದ್ದು, ಸೂಜಿಗಳ ನಡುವೆ. ಸ್ವಲ್ಪ ನಿಧಾನ ಆಗುತ್ತೆ ಅಲ್ವಾ?

30 ವಾರಕ್ಕೆ ಮೊದಲೇ ಹುಟ್ಟಿದವರನ್ನು ಹೀಗೆ ಎಣಿಸಿದ 2 ವರ್ಷಕ್ಕೆ ಪೂರ್ತಿ ಪರೀಕ್ಷೆ ಮಾಡಬೇಕು ಅಂತ ಇಲ್ಲಿ 2017ರಿಂದ ಮಾರ್ಗಸೂಚಿ ಇದೆ. ಮೊನ್ನೆ ಅದು ಮುಗಿಯಿತು. ಮರದ ತುಂಡುಗಳನ್ನು ಒಂದರ ಮೇಲೊಂದು ಜೋಡಿಸು ಅಂದರು. ಇವಳು ಎರಡು ಜೋಡಿಸಿ, ಮೂರನೆಯದನ್ನು ಕಿವಿಗಿಟ್ಟುಕೊಂಡು "ಅಜ್ಜೀ, ಊಟ ಆತಾ?" ಅಂದಳು! ನಾನು ಅರ್ಥ ಹೇಳಿದ ಕೂಡಲೇ ಡಾಕ್ಟರಮ್ಮ ನಕ್ಕು ಬರೆದುಕೊಂಡರು. ಒಂದನ್ನು ಇನ್ನೊಂದು ಅಂದುಕೊಂಡು ಆಡುವುದು ಬುದ್ಧಿ ಬೆಳೆಯುತ್ತಿರುವ ಗುರುತು. ಕನ್ನಡದ ಪದಗಳನ್ನೂ ಲೆಕ್ಕಕ್ಕೆ ಹಿಡಿದರು, ಮನೆಯಲ್ಲಿ ಕನ್ನಡ ಬಿಡಬೇಡಿ ಅಂದರು. ಮಾತು ಸ್ವಲ್ಪ ಹಿಂದಿದೆ ನಿಜ, ಸ್ಪೀಚ್ ಥೆರಪಿಗೆ ಬರೆದುಕೊಟ್ಟಿದ್ದಾರೆ.

ಎಲ್ಲ ಸರಿಯಿದೆ ಅಂತ ಸುಮ್ನೆ ನಿನ್ನನ್ನು ಸಮಾಧಾನ ಮಾಡಲಾರೆ ಅಮ್ಮ. ಇಂಥ ಮಕ್ಕಳಲ್ಲಿ ಕೆಲವರಿಗೆ ಶಾಲೆ ಸೇರಿದ ಮೇಲೆ ಲೆಕ್ಕ ಕಷ್ಟ ಆಗುತ್ತದೆ. ಗಮನ ಒಂದು ಕಡೆ ನಿಲ್ಲುವುದಿಲ್ಲ, ಮೂರು ಕೆಲಸ ಒಟ್ಟಿಗೆ ಹೇಳಿದರೆ ಒಂದು ನೆನಪಿರುತ್ತದೆ. ಎಷ್ಟೋ ಮಕ್ಕಳು ಯಾವ ತೊಂದರೆಯೂ ಇಲ್ಲದೆ ಓದುತ್ತಾರೆ. ಪುಟ್ಟಿ ಯಾವ ಗುಂಪಿನವಳು ಅಂತ ಈಗಲೇ ಹೇಳಲಾಗುವುದಿಲ್ಲ. ಅದಕ್ಕೇ ಶಾಲೆಯವರಿಗೆ ಅವಳು ಬೇಗ ಹುಟ್ಟಿದವಳು ಅಂತ ಮೊದಲೇ ತಿಳಿಸುತ್ತೇನೆ.

ನೀನು ಹೇಳಿದ ಬಜೆ ಕಳಿಸಬೇಡ. ಡಾಕ್ಟರು ಬೇಡ ಅಂದಿದ್ದಾರೆ. ಅದರ ಬದಲು ಫೋನಿನಲ್ಲಿ ಕಾಗೆ ಗುಬ್ಬಿ ಕಥೆ ಹೇಳು. "ಕಾಗೆ ಏನಂತು?" ಅಂತ ಕೇಳಿ ನಿಲ್ಲಿಸು. ತಕ್ಷಣ ಉತ್ತರ ಬರಲಿಲ್ಲ ಅಂತ ಇನ್ನೊಂದು ಪ್ರಶ್ನೆ ಕೇಳಬೇಡ. ಹಾಗೆ ಮಾಡಿದರೆ ಅವಳು ಸುಮ್ಮನಾಗಿಬಿಡುತ್ತಾಳೆ. ಸ್ವಲ್ಪ ಹೊತ್ತು ಕಾದರೆ "ಕಾ ಕಾ" ಅನ್ನುತ್ತಾಳೆ.

ಇದನ್ನು ಅತ್ತಿಗೆಗೂ ಓದಿ ಹೇಳು. ಅಪ್ಪನಿಗೆ ನಮಸ್ಕಾರ ತಿಳಿಸು. ಭಾನುವಾರ ನಿಮ್ಮ ಸಂಜೆ ಹೊತ್ತಿಗೆ ಫೋನ್ ಮಾಡುತ್ತೇನೆ.

ಇತಿ,
ನಿನ್ನ ಮಗಳು