ಹಳೆಯ ಕ್ಲಬ್ಬಿಗೆ ಮರಳುವ ಮುನ್ನ: ಸೋದರಳಿಯನಿಗೊಂದು ಪತ್ರ

ಚಿರಂಜೀವಿ ಪುಟ್ಟನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಕೋಲ್ಕತ್ತದ ಫುಟ್‌ಬಾಲ್ ಕ್ಲಬ್ಬಿನಲ್ಲಿ ಈ ಸೀಸನ್ನಿನ ಬಹುಪಾಲು ಬೆಂಚಿನಲ್ಲೇ ಕಳೆಯಿತೆಂದೂ, ಬೆಂಗಳೂರಿನ ಹಳೆಯ ಕ್ಲಬ್ಬಿನವರು ಮತ್ತೆ ಕರೆಯುತ್ತಿದ್ದಾರೆಂದೂ, ಹೋದರೆ ಸೋತು ಬಂದನೆಂದು ಜನ ಆಡಿಕೊಂಡಾರು ಎಂಬ ಅಳುಕಿನಿಂದ ನೀನು ಉತ್ತರ ಕೊಡದೆ ಕುಳಿತಿರುವೆಯೆಂದೂ ನಿನ್ನ ಅಮ್ಮ ತಿಳಿಸಿದಳು. ನಿನ್ನಂತೆಯೇ ಗೋಲಿನ ಮುಂದೆ ನಿಂತು ಎದುರಾಳಿಯನ್ನು ತಡೆಯುವ ಸ್ಟಾಪರ್ ಬ್ಯಾಕ್ ಆಗಿದ್ದ ಉಕ್ರೇನಿನ ದ್ಮಿತ್ರೊ ಚಿಗ್ರಿನ್ಸ್ಕಿಯ ವಿಷಯವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಅವನೂ ಇದೇ ಕವಲಿನಲ್ಲಿ ನಿಂತಿದ್ದವನು.

1986ರಲ್ಲಿ ಇಜ್ಯಾಸ್ಲಾವ್ ಎಂಬ ಸಣ್ಣ ಪಟ್ಟಣದಲ್ಲಿ ಹುಟ್ಟಿದ ಆ ಹುಡುಗ ಹದಿಹರೆಯದಲ್ಲೇ ಶಾಖ್ತಾರ್ ದೊನೆತ್ಸ್ಕ್ ಕ್ಲಬ್ಬನ್ನು ಸೇರಿ, 2006ರ ವಿಶ್ವಕಪ್ಪಿಗೆ ಹೋದ ಉಕ್ರೇನ್ ತಂಡದಲ್ಲೂ ಸ್ಥಾನ ಪಡೆದನು. 2009ರ ಮೇ ತಿಂಗಳಲ್ಲಿ ಇಸ್ತಾಂಬುಲ್‌ನಲ್ಲಿ ನಡೆದ, ಯುರೋಪಿನ ಕ್ಲಬ್ಬುಗಳ ಟೂರ್ನಿಯಾದ ಯುಇಎಫ್‌ಎ ಕಪ್‌ನ ಫೈನಲ್‌ನಲ್ಲಿ ಶಾಖ್ತಾರ್ ಹೆಚ್ಚುವರಿ ಅವಧಿಯಲ್ಲಿ ಜರ್ಮನಿಯ ವೆರ್ಡರ್ ಬ್ರೆಮೆನ್ ತಂಡವನ್ನು 2–1ರಿಂದ ಸೋಲಿಸಿತು. ಎರಡೂ ಗೋಲು ಬ್ರೆಜಿಲ್‌ನ ಆಟಗಾರರದ್ದು, ಆದ್ದರಿಂದ ಚಿತ್ರಗಳಲ್ಲಿ ಮಿಂಚಿದವರೂ ಅವರೇ; ಹಿಂದೆ ನಿಂತು ತಡೆದವನ ಹೆಸರು ಯಾರ ಬಾಯಲ್ಲೂ ಬರಲಿಲ್ಲ, ಅದು ನಿನಗೆ ಹೊಸ ಸಂಗತಿಯೇನಲ್ಲ. ಆದರೆ ಸ್ಪೇನಿನ ಬಾರ್ಸಿಲೋನಾ ಕ್ಲಬ್ಬಿನ ತರಬೇತುದಾರ ಗಾರ್ಡಿಯೋಲಾ ಅವರ ಕಣ್ಣು ಬಿದ್ದದ್ದು ಅವನ ಮೇಲೆ. ಚೆಂಡನ್ನು ಒದ್ದು ಆಚೆಗೆ ಕಳಿಸುವ ಬದಲು ಹಿಂದಿನಿಂದಲೇ ಆಟ ಕಟ್ಟಿ, ಅಳತೆ ತಪ್ಪದ ಉದ್ದನೆಯ ಪಾಸ್ ಕೊಡಬಲ್ಲ ಡಿಫೆಂಡರ್ ಅವರಿಗೆ ಬೇಕಾಗಿದ್ದನು. ಆಗಸ್ಟ್ ಕೊನೆಯಲ್ಲಿ ಸುಮಾರು 25 ಮಿಲಿಯನ್ ಯೂರೋ ಕೊಟ್ಟು ಐದು ವರ್ಷದ ಕರಾರಿನ ಮೇಲೆ ಅವನನ್ನು ಕೊಂಡರು. ಆಗ ಅವನಿಗೆ 22 ವರ್ಷ.

ಇಲ್ಲಿ ತಿಂಗಳನ್ನು ಗಮನಿಸು. ಹೊಸ ತಂಡದ ಪೂರ್ವತಯಾರಿ ಪೂರ್ತಿ ಮುಗಿದ ಮೇಲೆ ಅವನು ಹೋದದ್ದು; ಅದಕ್ಕೆ ಕೆಲವೇ ದಿನ ಮೊದಲು ಮೊನಾಕೊದಲ್ಲಿ ನಡೆದ ಸೂಪರ್ ಕಪ್‌ನಲ್ಲಿ ಇದೇ ಬಾರ್ಸಿಲೋನಾದ ವಿರುದ್ಧ ಶಾಖ್ತಾರ್ ಪರವಾಗಿ ಆಡಿದ್ದನು. ಬಾರ್ಸಿಲೋನಾದಲ್ಲಿ ಪುಯೋಲ್, ಪಿಕೆ, ಮಾರ್ಕೆಸ್ ಎಂಬ ಡಿಫೆಂಡರುಗಳು ಆಗಲೇ ಇದ್ದರು. ಆ ತಂಡದ ಡಿಫೆಂಡರುಗಳ ಸಾಲು ಮೈದಾನದ ನಡುಗೆರೆಯ ಹತ್ತಿರಕ್ಕೆ ಬಂದು ನಿಲ್ಲುತ್ತಿದ್ದುದರಿಂದ ಬೆನ್ನ ಹಿಂದೆ ದೊಡ್ಡ ಬಯಲು ಉಳಿಯುತ್ತಿತ್ತು, ಚಿಗ್ರಿನ್ಸ್ಕಿ ವೇಗದ ಓಟಗಾರನಲ್ಲ. ಆ ವರ್ಷ ತಂಡ 99 ಅಂಕಗಳೊಡನೆ ಲೀಗ್ ಗೆದ್ದಿತು, ಅವನು ಲೀಗ್‌ನಲ್ಲಿ ಆಡಿದ್ದು 12 ಪಂದ್ಯ. 2010ರ ಬೇಸಿಗೆಯಲ್ಲಿ ಶಾಖ್ತಾರ್ 15 ಮಿಲಿಯನ್ ಕೊಟ್ಟು ಅವನನ್ನು ಮರಳಿ ಕೊಂಡಿತು. ಗಾರ್ಡಿಯೋಲಾ ಅವರಿಗೆ ಅವನನ್ನು ಉಳಿಸಿಕೊಳ್ಳುವ ಮನಸ್ಸಿತ್ತು. ಆದರೆ ಹೊಸದಾಗಿ ಬಂದ ಆಡಳಿತಕ್ಕೆ ನಗದು ಬೇಕಾಗಿತ್ತು. ಇಂದಿಗೂ ಬಾರ್ಸಿಲೋನಾದ ಕೆಟ್ಟ ಖರೀದಿಗಳ ಪಟ್ಟಿ ಮಾಡುವವರು ಅವನ ಹೆಸರು ಬಿಡುವುದಿಲ್ಲ. ನನಗೆ ಇದು ಅನ್ಯಾಯವೆನಿಸುತ್ತದೆ, ಏಕೆಂದರೆ ಆ ಬೆಲೆಯನ್ನು ಅವನು ಕಟ್ಟಿದ್ದಲ್ಲ, ಕ್ಲಬ್ಬಿನ ಲೆಕ್ಕಪತ್ರವನ್ನು ಅವನು ಬರೆದದ್ದೂ ಅಲ್ಲ.

ಆದುದರಿಂದ ಮರಳುವುದರಲ್ಲಿ ಅವಮಾನವಿಲ್ಲ. ಆದರೆ ಮರಳಿದರೆ ಎಲ್ಲವೂ ಮೊದಲಿನಂತಾಗುತ್ತದೆಂದು ನೀನು ತಿಳಿದಿದ್ದರೆ ಅದು ಬೇರೆ ಮಾತು. ಚಿಗ್ರಿನ್ಸ್ಕಿ ಹೋದ ಮೇಲೆ ಅವನ ಜಾಗದಲ್ಲಿ ಯಾರೊಸ್ಲಾವ್ ರಕಿತ್ಸ್ಕಿ ಎಂಬ ತರುಣ ಬೇರೂರಿದ್ದನು. ಚಿಗ್ರಿನ್ಸ್ಕಿಗೆ ಮೇಲಿಂದ ಮೇಲೆ ಗಾಯಗಳಾದವು. 2014ರಲ್ಲಿ ಯುದ್ಧ ಬಂದು ಶಾಖ್ತಾರ್ ದೊನೆತ್ಸ್ಕ್ ಊರನ್ನೇ ಬಿಟ್ಟು ಲ್ವಿವ್‌ನಲ್ಲಿ ಆಡಬೇಕಾಯಿತು, ಮರುವರ್ಷ ಇವನು ನಿಪ್ರೊ ಕ್ಲಬ್ಬಿಗೆ ಹೋದನು. ಅಷ್ಟರಲ್ಲಿ ಅವನ ಕಥೆ ಮುಗಿಯಿತೆಂದೇ ನಾನೂ ತಿಳಿದಿದ್ದೆ.

2016ರಲ್ಲಿ ಅಥೆನ್ಸ್‌ನ ಎಇಕೆ ಕ್ಲಬ್ಬು ಅವನನ್ನು ಕರೆಯಿತು. ಗ್ರೀಸಿನದು ಸ್ಪೇನಿನಷ್ಟು ಹೆಸರಿನ ಲೀಗ್ ಅಲ್ಲ, ಆದರೆ ಅವನ ತಲೆಯೂ ಪಾಸೂ ಆ ತಂಡಕ್ಕೆ ಬೇಕಾಗಿದ್ದವು. 2018ರಲ್ಲಿ ಎಇಕೆ 24 ವರ್ಷಗಳ ನಂತರ ಗ್ರೀಸಿನ ಚಾಂಪಿಯನ್ ಆಯಿತು. ಅದೇ ಸೀಸನ್ನಿನ ಯುರೋಪಾ ಲೀಗ್ ಟೂರ್ನಿಯ ಗುಂಪು ಹಂತದಲ್ಲಿ ಇಟಲಿಯ ಮಿಲಾನ್ ತಂಡಕ್ಕೆ ಎರಡು ಪಂದ್ಯಗಳಲ್ಲಿ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ಅವನು 2021ರವರೆಗೆ ಅಲ್ಲಿಯೇ ಉಳಿದನು.

ಇನ್ನು ನಿನ್ನ ವಿಷಯ. ಹಳೆಯ ಕ್ಲಬ್ಬಿಗೆ ಒಪ್ಪಿಗೆ ಕೊಡುವ ಮೊದಲು ನಿನ್ನ ಜಾಗದಲ್ಲಿ ಈಗ ಯಾರು ಆಡುತ್ತಿದ್ದಾರೆ, ಕೋಚ್ ಡಿಫೆನ್ಸ್ ಲೈನನ್ನು ಮುಂದೆ ನಿಲ್ಲಿಸುವವರೋ ಹಿಂದೆ ಇಡುವವರೋ, ನಿನ್ನನ್ನು ಕೇಳುತ್ತಿರುವುದು ಕೋಚೋ ಅಥವಾ ಕೇವಲ ಮ್ಯಾನೇಜ್‌ಮೆಂಟೋ ಎಂಬುದನ್ನು ವಿಚಾರಿಸಿ ತಿಳಿದುಕೋ. ಹೋಗುವುದಾದರೆ ಪೂರ್ವತಯಾರಿ ಶಿಬಿರದ ಮೊದಲ ದಿನವೇ ಅಲ್ಲಿರುವಂತೆ ಹೋಗು. ಮೊಣಕಾಲಿನ ನೋವನ್ನು ಮುಚ್ಚಿಟ್ಟು ಸಹಿ ಹಾಕಬೇಡ. ವೈದ್ಯರ ವರದಿಯನ್ನು ಅವರ ಮುಂದಿಡು. ಮೂರನೆಯ ಕ್ಲಬ್ಬೊಂದು ಕೇಳಿದೆಯೆಂದು ನಿನ್ನ ಅಮ್ಮ ಹೇಳಿದಳು. ಅದು ಚಿಕ್ಕದೆಂಬ ಒಂದೇ ಕಾರಣಕ್ಕೆ ತಳ್ಳಿಹಾಕದೆ, ಇದೇ ಪ್ರಶ್ನೆಗಳನ್ನು ಅವರಿಗೂ ಕೇಳು.

ನೆಂಟರಿಷ್ಟರ ಮಾತಿಗೆ ನಿನ್ನ ಅಮ್ಮ ನೊಂದಿದ್ದಾಳೆ, ಅವಳಿಗೆ ನಾನೇ ಸಮಾಧಾನ ಹೇಳುತ್ತೇನೆ. ಎರಡೂ ಕರಾರುಗಳ ಪ್ರತಿಯನ್ನು ಈ ವಾರದೊಳಗೆ ನನಗೆ ಕಳುಹಿಸು, ವಕೀಲರಿಗೆ ತೋರಿಸಿ ಬರೆಯುತ್ತೇನೆ.

ಇತಿ ಆಶೀರ್ವಾದಗಳೊಂದಿಗೆ,
ನಿನ್ನ ಸೋದರಮಾವ