ತೋಟ ನೋಡೋಕೆ ಮೇ ತಿಂಗಳು ಬೇಡ

ಗೆಳೆಯಾ,

ನಿಮ್ಮ ಹಣ್ಣು ಬೆಳೆಗಾರರ ಬಳಗ ಮೇ ತಿಂಗಳ ಎರಡನೇ ಭಾನುವಾರಕ್ಕೆ ಬಸ್ಸಿಗೆ ಮುಂಗಡ ಕೊಟ್ಟದೆ ಅಂತ ಬರೆದಿದ್ದೀ. ಮುಂಗಡ ವಾಪಸ್ ಬರೋ ಹಂಗಿದ್ದರೆ ಮೊದಲು ಇಸಕೋ. ಮೇದಲ್ಲಿ ಹೋದರೆ ಆಪೂಸ್ ತಿಂದು ಬರ್ತೀರಿ, ತೋಟ ನೋಡಿ ಬರೋದಿಲ್ಲ. ಕೊಯ್ಲಿನ ಗಡಿಬಿಡಿಯಲ್ಲಿ ಮಾಲೀಕರಿಗೆ ನಿಮ್ಮ ಜೋಡಿ ಮಾತಾಡೋ ಪುರಸೊತ್ತು ಇರೋದಿಲ್ಲ, ಹಣ್ಣು ತೂಗೋ ಗಿಡದಲ್ಲಿ ನಮ್ಮ ಕಣ್ಣಿಗೂ ತಪ್ಪು ಬೀಳೋದಿಲ್ಲ. ಜನವರಿಗೆ ಒಂದು ಸಲ, ಜುಲೈಗೆ ಒಂದು ಸಲ ಹೋಗ್ರಿ.

ಜನವರಿಯಲ್ಲಿ ನವಲೂರಿನ ಪ್ಯಾರಲ ತೋಟದಲ್ಲಿ ಚಳಿಗಾಲದ ಹಣ್ಣು ಇರ್ತದೆ, ಕಲಘಟಗಿ ಕಡೆ ಮಾವು ಹೂವಿನಲ್ಲಿರ್ತದೆ. ಎರಡೂ ಒಂದೇ ದಿನದ ದಾರಿ. ನವಲೂರಿಗೆ ಬೆಳಿಗ್ಗೆ ಏಳಕ್ಕೇ ಮುಟ್ಟಿ, ಎಂಟು–ಹತ್ತು ಜನರ ಗುಂಪು ಮಾಡಿ ಒಳಗೆ ಹೋಗ್ರಿ. ಮೂವತ್ತು ಜನ ಒಟ್ಟಿಗೆ ನಿಂತರೆ ಹಿಂದಿದ್ದವರಿಗೆ ಮುಂದಿದ್ದವರ ಟೋಪಿ ಅಷ್ಟೇ ಕಾಣೋದು.

ಪ್ಯಾರಲ ತೋಟದಲ್ಲಿ ಮೊದಲು ನೆಲ ನೋಡು. ಉದುರಿದ ಹಣ್ಣು ಹಂಗೇ ಬಿದ್ದಿದ್ದರೆ ಒಂದನ್ನು ಎತ್ತಿ ಸೀಳು. ಬಿಳಿ ಹುಳ ಟಪ್ ಅಂತ ಜಿಗಿದರೆ ಅದು ಹಣ್ಣಿನ ನೊಣದ ಮರಿ. ಆಮೇಲೆ ಟೊಂಗೆಗೆ ತೂಗುಬಿಟ್ಟ ಮೋಹಕ ಬಲೆಗಳ ಕಡೆ ನೋಡು. ಮಿಥೈಲ್ ಯೂಜಿನಾಲ್ ಅನ್ನೋ, ನೊಣ ಸೆಳೆಯೋ ವಾಸನೆಮದ್ದಿನ ಬಲೆಗೆ ಗಂಡು ನೊಣ ಮಾತ್ರ ಬೀಳ್ತಾವೆ. ಎಕರೆಗೆ ನಾಲ್ಕಾರು ಬಲೆ ಕಟ್ಟಿ, ಉದುರಿದ್ದನ್ನು ಆರಿಸಿ ಎರಡು ಅಡಿ ಆಳಕ್ಕೆ ಹೂಳದೇ ಬಿಟ್ಟರೆ ಬಲೆ ಬರೀ ಅಲಂಕಾರ. ಕಾಂಡದ ಮೇಲೆ ಹಿಕ್ಕೆ, ತೊಗಟೆಪುಡಿ ಸೇರಿದ ಕಂದು ಬಣ್ಣದ ಜೇಡರಬಲೆಯಂಥದ್ದು ಕಂಡರೆ ಅದು ತೊಗಟೆ ತಿನ್ನೋ ಹುಳದ ಮನೆ. ಕಡ್ಡಿಯಿಂದ ಅದನ್ನು ಕೆರೆದು ನೋಡು, ಕೆಳಗೆ ಕವಲಿನ ಸಂದಿಯಲ್ಲಿ ತೂತು ಸಿಗ್ತದೆ.

ಒಂದು ಟೊಂಗೆಯ ಎಲೆ ಮಾತ್ರ ಹಳದಿಯಾಗಿ ತುದಿಯಿಂದ ಒಣಗ್ತಿದ್ದರೆ ಸೊರಗು ರೋಗದ ಅನುಮಾನ ಇಟ್ಕೋ. ಎರೆ ಭೂಮಿಯಲ್ಲಿ ನೀರು ನಿಂತು, ಆಳದ ಉಳುಮೆಗೆ ಬೇರು ಗಾಯವಾದ ಕಡೆ ಇದು ಜಾಸ್ತಿ. ಅಂಥ ಗಿಡಕ್ಕೆ ಹಚ್ಚಿದ ಸಿಕೇಚರನ್ನು (ಟೊಂಗೆ ಕತ್ತರಿಸೋ ಕತ್ತರಿ) ಸ್ಪಿರಿಟ್ ಹಚ್ಚಿ ಒರೆಸದೇ ಮತ್ತೊಂದಕ್ಕೆ ಹಚ್ಚೋಕೆ ಯಾರನ್ನೂ ಬಿಡಬೇಡ. ಅಂತರ ಅಳೆಯೋಕೆ ಟೇಪ್ ಒಯ್ಯಿ. ಆರು ಮೀಟರ್ ಚೌಕಕ್ಕೆ ಎಕರೆಗೆ ಸುಮಾರು 110 ಗಿಡ ಕೂಡ್ತಾವೆ. ಈಗಿನವರು ಇನ್ನೂ ಒತ್ತಾಗಿ ಹಚ್ಚಿರ್ತಾರೆ. ಅವರಿಗೆ ಸವರೋ ಲೆಕ್ಕ ಕೇಳು. ಪ್ಯಾರಲ ಹೂ ಬಿಡೋದು ಹೊಸ ಚಿಗುರಿನಲ್ಲಿ. ಮಳೆಗಾಲದ ಹಣ್ಣು ನೀರುನೀರು, ನೊಣವೂ ಜಾಸ್ತಿ. ಅದಕ್ಕೇ ಬ್ಯಾಸಿಗೆ ಕೊನೆಗೆ ಸವರಿ ಫಸಲನ್ನು ಚಳಿಗಾಲಕ್ಕೆ ತಳ್ಳೋದು. ಹಣ್ಣಿನ ಸಿಹಿ ಅಳೆಯೋ ಬ್ರಿಕ್ಸ್ ಮೀಟರ್ ಇದ್ದರೆ ಎರಡು ಹನಿ ರಸ ಹಾಕಿ ಬೆಳಕಿಗೆ ಹಿಡಿ. ಪ್ರತಿ ಹಣ್ಣಿಗೂ ಗಾಜು ತೊಳೆದು ಒರೆಸದಿದ್ದರೆ ಹಿಂದಿನ ಹಣ್ಣಿನ ಸಿಹಿಯನ್ನೂ ಅಳೆದ ಹಂಗಾಗ್ತದೆ.

ಮಾವಿನ ತೋಪಿಗೆ ಕಾಲಿಡೋ ಮೊದಲು ಎಲ್ಲರನ್ನೂ ಸುಮ್ಮನಿರಿಸು. ಹೂಗೊಂಚಲನ್ನು ಮೆಲ್ಲಗೆ ತಟ್ಟಿದರೆ ಜಿಗಿಹುಳು ಟಕಟಕ ಅಂತ ಹಾರ್ತಾವೆ, ಆ ಸಪ್ಪಳ ಕಿವಿಗೇ ಕೇಳ್ತದೆ. ಕೆಳಗಿನ ಎಲೆ ಮೇಲೆ ಅಂಟು, ಅದರ ಮೇಲೆ ಕಪ್ಪು ಮಸಿ ಇದ್ದರೆ ಹುಳ ಬಂದು ಭಾಳ ದಿನ ಆಯ್ತು ಅಂತ ಅರ್ಥ. ಹೂವಿಗೆ ಬಿಳಿ ಬೂದಿ ಬಿದ್ದಿದ್ದರೆ ಇಬ್ಬನಿ, ಮೋಡ ಬಂದ ರಾತ್ರಿಗಳ ಪರಿಣಾಮ. ಆ ಬೂದಿ ರೋಗಕ್ಕೆ ನೀರಿನಲ್ಲಿ ಕರಗೋ ಗಂಧಕ ಲೀಟರಿಗೆ 3 ಗ್ರಾಂ ಹೊಡೀತಾರೆ. ಮಾಲೀಕರಿಗೆ ಎಷ್ಟು ಸಲ ಹೊಡೆದಿರಿ ಅಂತ ಕೇಳಬೇಡ, ಮೊದಲ ಸಲ ಯಾವಾಗ ಹೊಡೆದಿರಿ ಅಂತ ಕೇಳು. ಹೂ ಪೂರ್ತಿ ಅರಳಿದಾಗ ಕೀಟನಾಶಕ ಹೊಡೆದರೆ ಪರಾಗ ಒಯ್ಯೋ ನೊಣಗಳೂ ಹೋಗ್ತಾವೆ, ಆಮೇಲೆ ಕಾಯಿ ಕಚ್ಚಲಿಲ್ಲ ಅಂದರೆ ಏನು ಬಂತು? ಹಳೇ ತೋಪಿನಲ್ಲಿ ಟೊಂಗೆಗೆ ಟೊಂಗೆ ತಾಗಿ ಒಳಗೆ ಮಬ್ಬು ಇದ್ದರೆ ಜಿಗಿಹುಳು, ಬೂದಿ ಎರಡೂ ಕಾಟಕ್ಕೆ ಮೂಲ ಅಲ್ಲೇ ಅದೆ.

ಜುಲೈ ಪ್ರವಾಸ ಮಾವಿನ ಕಸಿಗೆ. ಮೂರು–ನಾಲ್ಕು ತಿಂಗಳ, ಪೆನ್ಸಿಲ್ ದಪ್ಪದ, ತುದಿಮೊಗ್ಗು ಉಬ್ಬಿದ ಕಡ್ಡಿ ಬೇಕು. ಒಂದು ವಾರ ಮೊದಲೇ ಎಲೆಯ ತೊಟ್ಟು ಉಳಿಸಿ ಎಲೆ ಕತ್ತರಿಸಿಡೋಕೆ ಮಾಲೀಕರಿಗೆ ಫೋನ್ ಮಾಡು. ಕೇಳದೇ ಒಂದು ಕಡ್ಡಿಯನ್ನೂ ಮುರಿಯಬೇಡ್ರಿ. ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟು ಎರಡು–ಮೂರು ದಿನದೊಳಗೆ ಕಟ್ಟಬೇಕು. ಕಸಿ ಕಟ್ಟಿಸ್ಕೊಳ್ಳೋ ಬುಡದ ಗಿಡದ ತಾಮ್ರಬಣ್ಣದ ಎಳೆ ಚಿಗುರನ್ನು ಕತ್ತರಿಸಿ, ನಡುವೆ ಒಂದೂವರೆ ಇಂಚು ಸೀಳಿ, ಬೆಣೆಯಂತೆ ಕೊಯ್ದ ಕಡ್ಡಿ ಇಳಿಸಿ ಪಟ್ಟಿ ಬಿಗಿದು, ಮೇಲೆ ಸಣ್ಣ ಪ್ಲಾಸ್ಟಿಕ್ ಟೋಪಿ ಹಾಕೋದು. ದಪ್ಪದಲ್ಲಿ ಹೊಂದದಿದ್ದರೆ ಒಂದು ಬದಿಯ ತೊಗಟೆಯಾದರೂ ಸರಿಯಾಗಿ ಕೂಡಬೇಕು. ಕಸಿ ಸಾಯೋದು ಹೆಚ್ಚಾಗಿ ಕಡ್ಡಿ ಒಣಗಿ, ಇಲ್ಲಾ ಸೀಳಿನೊಳಗೆ ಮಳೆ ನೀರು ಹೊಕ್ಕು. ಬೆಸುಗೆ ಕೂಡಿದ ಮೇಲೂ ಪಟ್ಟಿ ಬಿಚ್ಚೋದು ಮರೆತರೆ ಕಾಂಡಕ್ಕೆ ನೇಣು ಹಾಕಿದಂಗೆ.

ಗದಗ ಕಡೆಯ ದಾಳಿಂಬೆ ತೋಟ ಮಳೆಗಾಲಕ್ಕೆ ಬೇಡವೇ ಬೇಡ. ದುಂಡಾಣು ಅಂಗಮಾರಿ ರೋಗ ಮಳೆಹನಿ, ಕತ್ತರಿ, ಕೈ ಎಲ್ಲದರಿಂದಲೂ ಹರಡ್ತದೆ. ಮಾಲೀಕರು ಗೇಟು ತೆಗೆಯದಿದ್ದರೆ ಸಿಟ್ಟಾಗಬೇಡ, ಅವರದೇ ಸರಿ.

ಅದರ ಬದಲು ಸವಣೂರಿಗೆ ನಡೀರಿ. ದೊಡ್ಡ ಹುಣಸೆ ಮಠದ ಆಫ್ರಿಕಾ ಮೂಲದ ಬಾವೊಬಾಬ್ ಮರಗಳು ಬ್ಯಾಸಿಗೆಯಲ್ಲಿ ಬೋಳು, ಜುಲೈಗೆ ಎಲೆ ತುಂಬಿರ್ತಾವೆ. ಹೂ ಸಂಜೆ ಅರಳ್ತದೆ, ಆಫ್ರಿಕಾದಲ್ಲಿ ಅದರ ಪರಾಗದ ಕೆಲಸ ಬಾವಲಿಗಳದ್ದು. ಕಾಯಿಯ ಸಿಪ್ಪೆ ಗಟ್ಟಿ, ಮೇಲೆ ಮಖಮಲ್ಲಿನಂಥ ರೋಮ, ಒಳಗಿನ ಬಿಳಿ ಪುಡಿ ಹುಳಿ. ಹೆಸರಿನಲ್ಲಿ ಹುಣಸೆ ಬಂದಿದ್ದೂ ಆ ಹುಳಿಯಿಂದ. ಜಾತಿಯಲ್ಲಿ ಹುಣಸೆಗೂ ಇದಕ್ಕೂ ಸಂಬಂಧ ಇಲ್ಲ. 2023ರ ಜುಲೈದಲ್ಲಿ ಮೂರರಲ್ಲಿ ಒಂದು ಬುಡಮೇಲಾಗಿ ಬಿದ್ದು, ಅದನ್ನು ಎತ್ತಿ ಮತ್ತೆ ನೆಟ್ಟರು. ಕಟ್ಟಿಗೆಯೇ ನೀರು ಹಿಡಿದಿಡೋ ಸ್ಪಂಜು, ಅದಕ್ಕೇ ಅಂಥ ಸಾಹಸಕ್ಕೆ ಕೈ ಹಾಕೋಕೆ ಆಗೋದು. ನಿನ್ನ ಮಾವಿಗೆ ಹಂಗೆ ಮಾಡೋಕೆ ಹೋಗಬೇಡ ಮತ್ತೆ. ಕಾಂಡದ ಸುತ್ತ ಕಾಲಿನಿಂದ ನೆಲ ತುಳಿದು ಗಟ್ಟಿ ಮಾಡದೇ ದೂರ ನಿಂತು ನೋಡ್ರಿ.

ಧಾರವಾಡದ ಕುಂಭಾಪುರದ ಸರ್ಕಾರಿ ತೋಟಗಾರಿಕೆ ಕ್ಷೇತ್ರವನ್ನೂ ಸೇರಿಸೋದಾದರೆ ಭಾನುವಾರ ಬಿಟ್ಟುಬಿಡು. ಎರಡನೇ, ನಾಲ್ಕನೇ ಶನಿವಾರವೂ ಸರ್ಕಾರಿ ರಜೆ. ಮೊದಲ ಇಲ್ಲವೇ ಮೂರನೇ ಶನಿವಾರ ನೋಡಿ, ಎಷ್ಟು ಜನ, ಯಾವ ಬೆಳೆ ಅಂತ ಬರೆದು ಮೊದಲೇ ಒಂದು ಪತ್ರ ಕೊಟ್ಟಿರು. ಬಸ್ಸಿನವರಿಗೂ ಅದೇ ದಿನ ಹೇಳು.

ನಿನ್ನ,
ಧಾರವಾಡದ ಗೆಳೆಯ