ಮಗಳಿಗೊಂದು ಪತ್ರ: ಮಹಾಬಲಿಪುರಕ್ಕೆ ಹೊರಡುವ ಮುನ್ನ

ಪ್ರೀತಿಯ ಪುಟ್ಟಿ,

ಜುಲೈನಲ್ಲೇ ಸರ್ಫಿಂಗ್ ಕಲಿಯಬೇಕು ಅಂದರೆ ಮೂಲ್ಕಿ ಬೇಡ, ಮಹಾಬಲಿಪುರವೇ ಸರಿ. ಮುಂಗಾರಿನ ಪಡುವಣ ಗಾಳಿ ನಮ್ಮ ಕರಾವಳಿಗೆ ಕಡಲ ಕಡೆಯಿಂದ ನುಗ್ಗಿ ನೀರನ್ನೆಲ್ಲ ಕಲಕಿಬಿಡುತ್ತದೆ. ಅದೇ ಗಾಳಿ ಅಲ್ಲಿ ನೆಲದಿಂದ ಕಡಲಿಗೆ ಬೀಸುವುದರಿಂದ ತೆರೆ ನೆಟ್ಟಗೆ ಎದ್ದು, ಮೈ ನುಣುಪಾಗಿ, ಸಾವಕಾಶವಾಗಿ ಮುರಿಯುತ್ತದೆ. ಇದು ಬೆಳಗಿನ ಮಾತು. ನೆಲ ಕಾದ ಮೇಲೆ ಕಡಲಗಾಳಿ ತಿರುಗಿ ಬಂದು ಎಲ್ಲ ಕೆಡಿಸುತ್ತದೆ. ಆರಕ್ಕೆ ನೀರಿಗಿಳಿ, ಒಂಬತ್ತಕ್ಕೆ ಎದ್ದು ಬಾ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರು, ಚಂಡಮಾರುತದ ಕಾಲ. ಆಗ ಯಾರು ಕರೆದರೂ ಹೊಸಬರು ಹೋಗುವಂತಿಲ್ಲ.

40 ಲೀಟರ್ ಚೀಲ ಸಾಕು, ತೂಕ ಎಂಟು ಕೆಜಿ ದಾಟದಿರಲಿ. ಟರ್ಕಿ ಟವೆಲ್ ಆ ಉಪ್ಪುಗಾಳಿಯಲ್ಲಿ ಒಣಗುವುದೇ ಇಲ್ಲ. ತೆಳ್ಳನೆಯ ಬೈರಾಸು ಎರಡು ಇಟ್ಟುಕೋ. ಹತ್ತಿಯ ಟೀ ಶರ್ಟ್ ನೀರು ಕುಡಿದು ಭಾರವಾಗುತ್ತದೆ, ಹಾಗೆಂದು ಬರಿಯ ಈಜುಡುಗೆಯಲ್ಲಿ ಸರ್ಫ್ ಬೋರ್ಡಿನ ಮೇಲೆ ಮಲಗಿದರೆ ಹೊಟ್ಟೆಯ ಚರ್ಮ ಅದಕ್ಕೆ ಉಜ್ಜಿ ಕಿತ್ತುಬರುತ್ತದೆ. ಮೈಗಂಟುವ ತುಂಬುತೋಳಿನ ಈಜಂಗಿ, ಅಂದರೆ ರ‍್ಯಾಶ್‌ಗಾರ್ಡ್ ಬೇಕೇಬೇಕು. ಚೆನ್ನೈನಿಂದ ಅಲ್ಲಿಗೆ ಇಸಿಆರ್ (ಈಸ್ಟ್ ಕೋಸ್ಟ್ ರೋಡ್) ರಸ್ತೆಯಲ್ಲಿ ಸುಮಾರು 55 ಕಿ.ಮೀ. ಪುದುಚೇರಿ ಬಸ್ ಹತ್ತಿದರೆ ಊರೊಳಗೆ ಹೋಗದೆ ಬೈಪಾಸಿನಲ್ಲೇ ಇಳಿಸಬಹುದು, ಮೊದಲೇ ಕೇಳಿಕೋ. ಉಳಿಯಲು ಒತ್ತವಾಡೈ ಬೀದಿಯ ಸುತ್ತಮುತ್ತ ಕೋಣೆಗಳಿವೆ, ಕಡಲೂ ಹತ್ತಿರ.

ಚಿಕ್ಕ ಬೋರ್ಡ್ ಚೆಂದ ಕಾಣುತ್ತದೆ ಅಂತ ಆರಿಸಬೇಡ. ಎಂಟು–ಒಂಬತ್ತು ಅಡಿಯ ಮೆತ್ತನೆಯ ಫೋಮ್ ಬೋರ್ಡೇ ಕೇಳು. ಮೊದಲ ದಿನ ಸೊಂಟದಾಳದ ನೀರಲ್ಲಿ, ಮುರಿದು ಬರುವ ಬಿಳಿನೊರೆಯಲ್ಲೇ ಅಭ್ಯಾಸ. ಬೋರ್ಡಿನ ಮೂತಿ ನೀರಿಂದ ಎರಡು ಮೂರು ಇಂಚು ಮೇಲಿರುವಂತೆ ಮಲಗು. ತುಸು ಮುಂದಾದರೆ ಮೂತಿ ನೀರೊಳಗೆ ಹೊಕ್ಕು ನಿನ್ನನ್ನು ಎತ್ತಿ ಒಗೆಯುತ್ತದೆ. ಹಿಂದಾದರೆ ತೆರೆ ಅಡಿಯಿಂದ ಜಾರಿಹೋಗಿ ನೀನು ಅಲ್ಲೇ ಉಳಿಯುತ್ತೀ. ತೆರೆ ಹಿಂದಿನಿಂದ ಎತ್ತಿದ ಮೇಲೂ ಎರಡು ಸಲ ಕೈಯಿಂದ ಜೋರಾಗಿ ನೀರು ಹಿಂದಕ್ಕೆ ತಳ್ಳು. ಬಹುತೇಕರು ತಪ್ಪುವುದು ಇಲ್ಲೇ, ಬೇಗ ಏಳಹೋಗಿ. ಆಮೇಲೆ ಅಂಗೈಗಳನ್ನು ಪಕ್ಕೆಲುಬಿನ ಬಳಿ ಊರಿ, ಒಂದೇ ಏಟಿಗೆ ಪಾದ ಮುಂದೆ ತಂದು, ಮಂಡಿ ಬಗ್ಗಿಸಿ ನಿಲ್ಲು. ಕಣ್ಣು ದಡದ ಮೇಲಿರಲಿ. ಪಾದ ನೋಡಿದೆಯೋ, ಬಿದ್ದೆ.

ಬೀಳುವಾಗ ತಲೆ ಮುಂದಾಗಿ ಹಾರಬೇಡ, ಚಪ್ಪಟೆಯಾಗಿ ಬೀಳು. ಏಳುವಾಗ ತಲೆಗೆ ತೋಳು ಅಡ್ಡ ಇರಲಿ. ನಿನಗೂ ತೆರೆಗೂ ನಡುವೆ ಬೋರ್ಡ್ ಅಡ್ಡಡ್ಡ ಬರಕೂಡದು. ಹಲ್ಲು ಮುರಿಯುವುದು ಅದರಿಂದಲೇ. ಕಡಲ ದಂಡೆಯ ದೇಗುಲದ ಪಕ್ಕ ಸುರಿದ ಬಂಡೆಸಾಲಿನ ಹತ್ತಿರ ನುರಿತವರು ಆಡುತ್ತಾರೆ, ನೀನು ಸುಳಿಯಬೇಡ. ಬಂಡೆಯ ಗುಂಟ ನೀರು ಕಡಲೊಳಕ್ಕೆ ಎಳೆಯುತ್ತದೆ. ಎಳೆತಕ್ಕೆ ಸಿಕ್ಕಿದರೆ ದಡದತ್ತ ಹೆಣಗದೆ, ಬೋರ್ಡ್ ಬಿಡದೆ, ಬಂಡೆಯಿಂದ ದೂರವಾಗುವಂತೆ ದಡಕ್ಕೆ ಸಮಾನಾಂತರವಾಗಿ ಸಾಗು. ಮೀನುಗಾರರ ದೋಣಿ ದಡಕ್ಕೆ ಬರುತ್ತಿದ್ದರೆ ದಾರಿ ಬಿಡುವುದು ನಿನ್ನ ಕೆಲಸ, ಅವರದಲ್ಲ.

ಸಂಜೆ ನಾಲ್ಕಕ್ಕೆ ಪಂಚರಥಕ್ಕೆ, ಬಂಡೆಯಲ್ಲಿ ಕೊರೆದ ಐದು ಗುಡಿಗಳಿಗೆ, ಹೋಗು. ಟಿಕೆಟ್ ಎಸೆಯಬೇಡ, ಅದೇ ದಿನ ದಂಡೆಯ ದೇಗುಲಕ್ಕೂ ನಡೆಯುತ್ತದೆ. ಇಡೀ ಬಂಡೆಯನ್ನು ಮೇಲಿನಿಂದ ಕೆಳಗೆ ಕೊರೆದದ್ದು ಎನ್ನುವುದಕ್ಕೆ ಭೀಮರಥದ ಮುಗಿಯದ ಬುಡವನ್ನೇ ನೋಡು. ದಂಡೆಯ ದೇಗುಲದ ದೊಡ್ಡ ಗುಡಿ ಮೂಡಣಕ್ಕೆ ಮುಖ ಮಾಡಿದೆ, ಅದರ ಮೇಲೆ ಬೆಳಕು ಬೀಳುವುದು ಬೆಳಿಗ್ಗೆ. ತೋಳು ನೋಯುವ ದಿನ ಸರ್ಫಿಂಗ್ ಬಿಟ್ಟು ಅಲ್ಲಿಗೆ ಹೋಗು.

ಊರಿಗೆ ಮಾಮಲ್ಲಪುರ ಎಂಬ ಹೆಸರು ಬಂದದ್ದು ಮಾಮಲ್ಲ ಎಂಬ ಬಿರುದಿದ್ದ ಪಲ್ಲವ ದೊರೆ ನರಸಿಂಹವರ್ಮನಿಂದ. 642ರಲ್ಲಿ ನಮ್ಮ ಇಮ್ಮಡಿ ಪುಲಕೇಶಿಯನ್ನು ಸೋಲಿಸಿ ಬಾದಾಮಿ ಹಿಡಿದವನು ಅವನೇ. ಬಿಡುವಿದ್ದರೆ ಬರುವಾಗ ಚೆಂಗಲ್ಪಟ್ಟು, ಕಂಚಿ ಮಾರ್ಗವಾಗಿ ಬಾ. ಮುಂದಿನ ಶತಮಾನದಲ್ಲಿ ಕಂಚಿ ಗೆದ್ದ ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯ ದೇವರ ಸಂಪತ್ತನ್ನು ದೇವರಿಗೇ ಬಿಟ್ಟುಕೊಟ್ಟನೆಂದು ಕೈಲಾಸನಾಥ ಗುಡಿಯ ಕಂಬದಲ್ಲಿ ಕನ್ನಡ ಶಾಸನವಿದೆ. ಮಧ್ಯಾಹ್ನ ಗುಡಿ ಮುಚ್ಚಿರುತ್ತದೆ, ಹೊತ್ತು ನೋಡಿಕೊಂಡು ಹೋಗು.

ಇಂತಿ ನಿನ್ನ
ಅಪ್ಪ